ಐದು ಪಾದದ ಚೌಕ

ಹೋದ ತಿಂಗಳು ಮನೆಯ ಹಿತ್ತಲಿಗೆ ಫರಸಿ ಹಾಕಿಸಿದೆವು. ಮೇಸ್ತ್ರಿ ಶಹಾಬಾದಿನ ಕಲ್ಲಿನ ಮೇಲೆ ನೀರು ಬಿಡುತ್ತ ಯಂತ್ರದಿಂದ ಕೊಯ್ಯುತ್ತಿದ್ದ. ಕಲ್ಲಿನ ಹಿಟ್ಟು ಬೂದುಬಣ್ಣದ ಗಂಜಿಯಾಗಿ ಮೋರಿಯ ಕಡೆ ಹರಿಯಿತು, ಜೊತೆಗೊಂದು ವಾಸನೆ ಎದ್ದಿತು. ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ, ಎರಡರ ನಡುವಿನ ತಣ್ಣನೆಯ ವಾಸನೆ. ಚಹಾದ ಕಪ್ಪು ಹಿಡಿದು ನಿಂತಿದ್ದವನು ಮೇಸ್ತ್ರಿಗೆ, "ಆ ಚೌಕ ಎಷ್ಟು ಅಗಲ ಆತು?" ಎಂದು ಕೇಳಿಬಿಟ್ಟೆ. ಅವನು ಯಂತ್ರ ನಿಲ್ಲಿಸಿ, "ಯಾವ ಚೌಕರಿ? ನಾ ಉದ್ದಾನು ಪಟ್ಟಿ ಕೊಯ್ಲಿಕತ್ತೀನಿ" ಎಂದ. ಹೆಂಡತಿ ನನ್ನ ಮುಖ ನೋಡಿದಳು. ಈ ವಯಸ್ಸಿನಲ್ಲಿ ಇಂಥ ಮಾತಾಡಿದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. ನಾನು ಮಾತ್ರ ಆ ಹೊತ್ತಿಗೆ ಹಿತ್ತಲಲ್ಲಿ ಇರಲೇ ಇಲ್ಲ. ಶಹಾಬಾದಿನ ಒಂದು ಚರ್ಚಿನ ಹಿಂದೆ, ಗೋರಿಗಳ ನಡುವೆ, ಕಡ್ಡಿ ಮುರಿದ ಛತ್ರಿ ಹಿಡಿದು ನಿಂತಿದ್ದೆ.

ಆಗಿನ್ನೂ ನಾವು ಹೈದರಾಬಾದ್ ರಾಜ್ಯದವರು. ಪೊಲೀಸ್ ಕಾರ್ಯಾಚರಣೆ ಆಗಿ ಆರೇಳು ವರ್ಷ ಕಳೆದಿತ್ತು. ನಾನು ಉರ್ದುವಿನಲ್ಲಿ ಓದಿ ಪಾಸಾಗಿ, ಕನ್ನಡ ಕಲಿಸಲು ಶಹಾಬಾದಿಗೆ ನೇಮಕವಾದ ಮಾಸ್ತರ. ಕರಿಹಲಗೆಯ ಮುಂದೆ ನಿಂತಾಗ ಎಡಗಡೆಯಿಂದ ಶುರು ಮಾಡಬೇಕೋ ಬಲಗಡೆಯಿಂದಲೋ ಎಂದು ಕೈ ಒಂದು ಗಳಿಗೆ ತಡೆಯುತ್ತಿತ್ತು. ಸ್ಟೇಶನ್ನಿನ ಚಹಾದಂಗಡಿಯಲ್ಲಿ ಕೂತವರು ನಾವು ಮೈಸೂರಿಗೆ ಸೇರುತ್ತೇವೆ ಎನ್ನುತ್ತಿದ್ದರು. ಸೇಡಂ ಕಡೆಯಿಂದ ರೈಲಿಳಿದವರು ಇಲ್ಲ, ತೆಲುಗಿನವರ ಕಡೆ ಹೋಗುತ್ತೇವೆ ಎನ್ನುತ್ತಿದ್ದರು. ನಾನು ಎರಡು ಕಡೆಗೂ ತಲೆಯಾಡಿಸಿ ಚಹಾ ಮುಗಿಸಿ ಏಳುತ್ತಿದ್ದೆ. ಯಾವ ರಾಜ್ಯ ಎಂಬುದೇ ತಿಳಿಯದ ಆ ವರ್ಷ, ಅದರ ಮೇಲೆ ದೊಡ್ಡವ್ವ ಒಪ್ಪಿಸಿದ ಕೆಲಸ ಬೇರೆ ತಲೆಯ ಮೇಲಿತ್ತು.

ದೊಡ್ಡವ್ವ ಅಂದರೆ ನನ್ನ ಅಪ್ಪನ ಅಣ್ಣ ಮಹಾಂತಪ್ಪನ ಹೆಂಡತಿ, ಗುರುಬಸವ್ವ. ಚಿಂಚೋಳಿ ತಾಲೂಕಿನ ಕೊಡ್ಲಿ ನಮ್ಮೂರು. ದೊಡ್ಡಪ್ಪನನ್ನು ನಾನು ನೋಡಿದವನಲ್ಲ, ನಾನು ಹುಟ್ಟುವ ಮೊದಲೇ ಆತ ಮನೆ ಬಿಟ್ಟಿದ್ದ. ಹೊಲದ ಕೆಲಸ ಹಿಡಿಸದೆ ಶಹಾಬಾದಿನ ಖಣಿಗೆ ಹೋಗಿ ಕಲ್ಲು ತಿದ್ದುವುದು ಕಲಿತನಂತೆ. ಅಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಕ್ರಿಶ್ಚಿಯನ್ನರ ಮನೆಯಲ್ಲಿ ಉಣ್ಣುತ್ತಾನೆ ಎಂಬ ಸುದ್ದಿ ಊರಿಗೆ ಬಂತು. ಆತ ಊರಿಗೆ ಬಂದ ದಿನ ನಮ್ಮ ಅಜ್ಜ ಪಡಸಾಲೆಯಲ್ಲಿ ಕೂತು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟರು. ಆತನೂ ಸಿಟ್ಟಿನವನೇ. ಮುಂಬಾಗಿಲಲ್ಲಿ ಅಜ್ಜ ಕೂತಿದ್ದಾರೆಂದು ಹಿತ್ತಲ ಬಾಗಿಲಿನಿಂದ ಹೊರಬಿದ್ದು ಬರಿಗಾಲಲ್ಲಿ ಹೊರಟುಹೋದ. ಮೆಟ್ಟುಗಳು ಮುಂಬಾಗಿಲಲ್ಲೇ ಉಳಿದವು.

ಐದಾರು ವರ್ಷದ ಮೇಲೆ ಕಲ್ಲು ತರಲು ಹೋಗಿದ್ದ ಊರ ಬಂಡಿಯವನೊಬ್ಬ ಬಂದು, ನಿಮ್ಮ ಮಹಾಂತಪ್ಪ ತೀರಿಕೊಂಡನಂತೆ, ಚರ್ಚಿನ ಮಣ್ಣಿನಲ್ಲಿ ಹೂಳಿದರಂತೆ ಎಂದು ಹೇಳಿದ. ಅವನು ಕಣ್ಣಾರೆ ಕಂಡಿರಲಿಲ್ಲ, ಕೇಳಿ ಬಂದಿದ್ದ. ಅಜ್ಜ ಸ್ನಾನ ಮಾಡಿ ಪೂಜೆಗೆ ಕೂತರು, ಆ ಮಾತು ಮತ್ತೆ ಎತ್ತಬಾರದು ಎಂದರು. ಹೆಂಗಸರು ಬಳೆ ಒಡೆಯಲು ಬಂದಾಗ ದೊಡ್ಡವ್ವ ಕೈ ಹಿಂದೆ ಮುಚ್ಚಿಟ್ಟುಕೊಂಡು, "ಯಾರು ನೋಡಿ ಬಂದಾರ?" ಎಂದಳಂತೆ. ಯಾರೂ ನೋಡಿರಲಿಲ್ಲ. ಅಂದಿನಿಂದ ಇಪ್ಪತ್ತು ವರ್ಷ ಆಕೆ ಹಸಿರು ಬಳೆ ತೊಟ್ಟೇ ಇದ್ದಳು. ಮದುವೆ ಮನೆಯವರಿಗೆ ಆಕೆಯನ್ನು ಅರಿಶಿಣಕ್ಕೆ ಕರೆಯಬೇಕೋ ಬಿಡಬೇಕೋ ತಿಳಿಯುತ್ತಿರಲಿಲ್ಲ. ಕರೆಯುತ್ತಿದ್ದರು, ಕರೆದು ಗೋಡೆಯ ಬದಿಗೆ ಕೂಡಿಸುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ನಾನು ಮಾಸ್ತರಿಕೆಗೆ ಹೊರಡುವ ವರ್ಷದ ಸುಗ್ಗಿಯಲ್ಲಿ ಹೆಳವ ಬಂದಿದ್ದ. ನಮ್ಮ ಕಡೆ ವಂಶಾವಳಿ ಇಟ್ಟುಕೊಂಡವರು ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ನಿಂತು, ಏಳು ತಲೆಮಾರಿನ ಹಿಂದಿನವರಿಂದ ಹಿಡಿದು ಒಬ್ಬೊಬ್ಬರ ಹೆಸರು ಹೇಳುತ್ತ ಇಳಿಯುತ್ತಾರೆ: ಯಾರು ಎಲ್ಲಿ ಹುಟ್ಟಿದರು, ಎಲ್ಲಿ ಮಣ್ಣಾದರು, ಮಕ್ಕಳೆಷ್ಟು, ಹೆಣ್ಣುಗಳನ್ನು ಎಲ್ಲಿ ಕೊಟ್ಟರು. ನಮ್ಮ ಮನೆಯ ಹೆಳವ ಮುದುಕನಾಗಿದ್ದ, ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ. ದೊಡ್ಡಪ್ಪನ ಹೆಸರು ಬಂದಾಗಲೆಲ್ಲ ಅಜ್ಜ ಕೆಮ್ಮುತ್ತಿದ್ದರು, ಅವನು "ಇದ್ದಾನ" ಎಂದು ಹೇಳಿ ಮುಂದೆ ಹೋಗುತ್ತಿದ್ದ. ಆ ಸಲಕ್ಕೆ ಅಜ್ಜ ತೀರಿಕೊಂಡಿದ್ದರು. ಹೆಳವ ಹೆಸರಿನ ಹತ್ತಿರ ನಿಂತೇಬಿಟ್ಟ.

"ಎಷ್ಟು ಸರ್ತಿ ಇದ್ದಾನ ಅನ್ನಲಿರಿ? ನಂದೂ ಆಗ್ಲಿಕ್ಕಿ ಬಂತು. ಪಟ್ಟಿ ನನ್ನ ಮಗಗ ಒಪ್ಪಸ್ಬೇಕು. ಇದ್ರ ಎಲ್ಲಿ ಇದ್ದಾನ ಹೇಳ್ರಿ, ಹೋಗಿದ್ರ ಎಲ್ಲಿ ಮಣ್ಣಾಗ್ಯಾನ ಹೇಳ್ರಿ. ಮೂರು ವರ್ಷ ಕಾಯಂಗಿಲ್ಲ, ಬರೋ ಸುಗ್ಗಿಗೇ ಮತ್ತ ಇದೇ ಹಾದಿಲೇ ಬರ್ತೀನಿ."

ಅಪ್ಪ ನೆಲ ನೋಡಿದರು. ಮರುದಿನ ದೊಡ್ಡವ್ವ ನನ್ನನ್ನು ಕಣಜದ ಕೋಣೆಗೆ ಕರೆದಳು.

"ಶಾಬಾದಕ್ಕ ಹೊಂಟೀದಿ. ಅವ ಸತ್ತಾನೋ ಇಲ್ಲೋ ಅಂತ ಕೇಳ್ಬ್ಯಾಡ. ಸತ್ತಾನ, ನನಗ ಗೊತ್ತದ. ಲಿಂಗ ಬಿಟ್ಟು ಸತ್ತನೋ, ಇಟ್ಕೊಂಡು ಸತ್ತನೋ, ಅಷ್ಟು ನೋಡ್ಕೊಂಡು ಬಾ."

"ಎರಡೂ ಒಂದೇ ಅಲ್ಲೇನು ದೊಡ್ಡವ್ವ, ಈಗ?"

"ಹೆಂಗ ಒಂದಾಗತದ? ಲಿಂಗ ಬಿಟ್ಟಿದ್ರ ನನ್ನೂ ಬಿಟ್ಟಾನ. ಇಟ್ಕೊಂಡಿದ್ರ ಮನಿ ಅಷ್ಟೇ ಬಿಟ್ಟಾನ."

ಆಗಲಿ ಎಂದು ಹೇಳಿ ಬಂದೆ.

ಜೂನಿನಲ್ಲಿ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಮೊದಲ ಎರಡು ಭಾನುವಾರ ಪಕ್ಕದ ವಾಡಿ ಜಂಕ್ಷನ್ನಿನಲ್ಲಿ ಕಳೆದೆ. ಬಂಡಿಯವನು ಹೇಳಿದ್ದು ಶಹಾಬಾದೋ ವಾಡಿಯೋ ಎಂದು ಮನೆಯಲ್ಲಿ ಎರಡು ಮಾತಿದ್ದವು. ರೈಲ್ವೆಯವರ ಗೋರಿಗಳ ನಡುವೆ ಕೆಸರು ತುಳಿದು ಏನೂ ಸಿಗದೆ, ಮೂರನೆಯ ಭಾನುವಾರದಿಂದ ಶಹಾಬಾದಿನ ಚರ್ಚಿಗೆ ಹೋಗತೊಡಗಿದೆ. ಖಣಿಯ ಅಂಚಿಗೆ ಇದ್ದ ಚಿಕ್ಕ ಚರ್ಚು. ಹಿಂದೆ ಬೇವಿನ ಮರಗಳಿದ್ದ ಅಂಗಳ. ಖಣಿಯಿಂದ ಗಾಳಿಗೆ ಬಂದ ಕಲ್ಲಿನ ಹಿಟ್ಟು ಎಲ್ಲದರ ಮೇಲೂ ಕೂತು, ಮಳೆಗೆ ನೆನೆದು, ಆ ವಾಸನೆ ಕೊಡುತ್ತಿತ್ತು.

ಅಲ್ಲಿಯ ಕಾವಲುಗಾರ ಯೋಹಾನಪ್ಪ. ತಾಂಡೂರಿನ ಕಡೆಯವನು, ಇಲ್ಲಿಗೆ ಬಂದು ಏಳು ವರ್ಷವಾಗಿತ್ತು. ನಾನು ಬಂದ ಕೆಲಸ ಹೇಳಿದಾಗ ಬಹಳ ಹೊತ್ತು ಗದ್ದ ಕೆರೆದುಕೊಂಡ.

"ಹಳೇ ರಜಿಸ್ಟರ್ ಇಲ್ಲಿಲ್ಲ ಮಾಸ್ತರ್ ಸಾಬ್. ದೊಡ್ಡ ಪಾದ್ರಿಯವರು ಹೋಗುವಾಗ ಅವರ ಸಾಮಾನದಾಗ ಹೋಗ್ಯಾದ. ಹೆಸರು ಏನಂದ್ರಿ?"

"ಮಹಾಂತಪ್ಪ."

"ಆ ಹೆಸರು ಇಲ್ಲಿ ಎಲ್ಲೂ ಇಲ್ಲ. ಆದ್ರ ನಮ್ಮಲ್ಲಿ ಸೇರಿದ ಮ್ಯಾಲ ಹೆಸರು ಬದ್ಲಿ ಆಗತದ. ನಿಮ್ಮ ದೊಡ್ಡಪ್ಪ ಇವರಾಗ ಯಾರೂ ಇರಬಹುದು." ಕೈಯನ್ನು ಇಡೀ ಅಂಗಳದ ಮೇಲೆ ಆಡಿಸಿದ.

ಇಂಗ್ಲಿಷಿನ ಗೋರಿಗಳನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ತೆಲುಗಿನವನ್ನು ಯೋಹಾನಪ್ಪ ಓದಿ ಹೇಳಿದ. ಆ ಕಾಲಕ್ಕೆ ಹೊಂದುವ ಗಂಡಸರ ಹೆಸರು ಹನ್ನೊಂದು ಸಿಕ್ಕವು. ಅಬ್ರಹಾಂ, ದಾವೀದು, ಯಾಕೋಬ, ಹೀಗೆ. ಹನ್ನೊಂದರಲ್ಲಿ ಯಾರನ್ನು ಬೇಕಾದರೂ ದೊಡ್ಡಪ್ಪ ಅನ್ನಬಹುದಿತ್ತು, ಯಾರನ್ನೂ ಅನ್ನದೆಯೂ ಇರಬಹುದಿತ್ತು. ಆಷಾಢದ ಒಂದು ಭಾನುವಾರ ನಾನು ಮಾಡಿದ್ದು ಹೇಳಿದರೆ ನಗುತ್ತೀರಿ. ಒಂದೊಂದು ಶಿಲುಬೆಯ ಮುಂದೂ ನಿಂತು ಮೆಲ್ಲಗೆ "ದೊಡ್ಡಪ್ಪ" ಎಂದು ಕರೆದು ನೋಡಿದೆ, ಎಲ್ಲಾದರೂ ಎದೆ ಝಲ್ಲೆನ್ನುತ್ತದೋ ಎಂದು. ಎಲ್ಲಿಯೂ ಏನೂ ಆಗಲಿಲ್ಲ. ದಾವೀದನ ಮುಂದೆ ಸೀನು ಬಂತು.

ಶ್ರಾವಣ ಕಳೆಯಿತು. ನನ್ನ ಗೊಂದಲ ಮಾತ್ರ ಬೆಳೆಯುತ್ತ ಹೋಯಿತು. ಈ ಹನ್ನೊಂದರಲ್ಲಿ ಆತ ಇದ್ದರೆ ಲಿಂಗ ಬಿಟ್ಟನೆಂದೇ ಅರ್ಥ. ಹಾಗಾದರೆ ನಾನು ಹುಡುಕುತ್ತಿರುವುದು ದೊಡ್ಡವ್ವನಿಗೆ ಬೇಡವಾದ ಉತ್ತರವನ್ನೇ. ಸಿಗಲಿ ಎಂದು ಬೇಡಿಕೊಳ್ಳಬೇಕೋ ಸಿಗದಿರಲಿ ಎಂದೋ? ಒಂದು ವಾರ ಒಂದು, ಮರುವಾರ ಇನ್ನೊಂದು ಬೇಡಿಕೊಂಡೆ. ಯಾಕೋಬನೇ ನಮ್ಮವನು ಎಂದು ಹೇಳಿ ಕೈತೊಳೆದುಕೊಳ್ಳೋಣವೇ ಎಂದೂ ಅನಿಸಿತು. ಆ ಯೋಚನೆಗೆ ಈಗಲೂ ನಾಚಿಕೆಯಾಗುತ್ತದೆ.

ಅಂಗಳದ ಮೂಲೆಯಲ್ಲಿ, ಬೇವಿನ ಕೆಳಗೆ, ಒಂದು ಚೌಕವಿತ್ತು. ಸುತ್ತ ನಾಲ್ಕು ತಿದ್ದಿದ ಪಟ್ಟಿ ಕಲ್ಲು, ನಡುವೆ ಹುಲ್ಲು. ಶಿಲುಬೆ ಇಲ್ಲ, ಹೆಸರಿಲ್ಲ. ಮೊದಲ ದಿನವೇ ಕೇಳಿದ್ದೆ.

"ಅದು ರೈಲ್ವೆ ಡ್ರೈವರ್ ಸಾಬರೊಬ್ಬರ ಜೋಡಿ ಹೆಣ್ಣುಕೂಸುಗಳದ್ದು," ಎಂದಿದ್ದ ಯೋಹಾನಪ್ಪ. "ಒಂದೇ ವಾರದಾಗ ಎರಡೂ ಹೋದ್ವಂತ. ಬಾಜೂಕ ಬಾಜೂ ಮಲಗಿಸ್ಯಾರ, ಅದಕ್ಕ ಚೌಕ ಅದ. ನನಕಿಂತ ಮೊದಲಿದ್ದ ಚೌಕೀದಾರ ಹೇಳ್ಯಾನ."

ಮಕ್ಕಳೆಂದ ಮೇಲೆ ನನಗೂ ಮರುಕ ಬಂತು. ಹಾದಿಯಲ್ಲಿ ಗಣಗಲ ಹೂ ಕಂಡರೆ ಎರಡು ಕಿತ್ತು ತಂದು ಅದರ ಮೇಲಿಡುತ್ತಿದ್ದೆ, ಒಬ್ಬೊಬ್ಬಳಿಗೆ ಒಂದು. ಆಮೇಲೆ ಅದರ ಪಕ್ಕಕ್ಕೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. ಇಡೀ ಮಳೆಗಾಲ ಹೀಗೇ ನಡೆಯಿತು.

ಎಳ್ಳಮಾಸಿ ಹಬ್ಬಕ್ಕೆ ಊರಿಗೆ ಹೋದೆ. ಹೊಲದಲ್ಲಿ ಉಂಡು ಬಂದ ಸಂಜೆ, ದೊಡ್ಡವ್ವ ಉಳಿದ ಸಜ್ಜೆಯ ರೊಟ್ಟಿ ಬಟ್ಟೆಗೆ ಸುತ್ತಿಡುತ್ತ ಕೂತಿದ್ದಳು. ಏನೂ ಸಿಗಲಿಲ್ಲ ಎಂದು ಹೇಳಲಾಗದೆ, ಅಲ್ಲಿ ಕಂಡಿದ್ದನ್ನೆಲ್ಲ ಹೇಳುತ್ತ ಹೋದೆ: ಹನ್ನೊಂದು ಹೆಸರು, ಉದ್ದುದ್ದ ಗೋರಿಗಳು, ಶಿಲುಬೆಗಳು, ಯೋಹಾನಪ್ಪ, ಮೂಲೆಯ ಅವಳಿ ಕೂಸುಗಳ ಚೌಕ.

ದೊಡ್ಡವ್ವನ ಕೈ ನಿಂತಿತು.

"ಏನಂದಿ? ಚೌಕ?"

"ಹೌದು. ಎರಡು ಕೂಸು ಅಂತ..."

"ನಾಕೂ ಕಡಿ ಒಂದೇ ಅಳತಿ?"

ಆಗ ನನಗೆ ಹೊಳೆಯಿತು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಕುಣಿಯಲ್ಲಿ ಇಳಿಸುತ್ತಾರೆ. ಕೊಡ್ಲಿಯ ನಮ್ಮ ರುದ್ರಭೂಮಿಯಲ್ಲಿ ಇರುವುದೆಲ್ಲ ಚೌಕವೇ. ಅಜ್ಜನನ್ನು ಇಳಿಸಿದಾಗ ಕುಣಿಯ ಅಂಚಿನಲ್ಲಿ ನಾನೇ ನಿಂತಿದ್ದೆ. ಆದರೆ ಚರ್ಚಿನ ಅಂಗಳ ಹೊಕ್ಕ ಕೂಡಲೇ ನಾನು ಚರ್ಚಿನವರ ಕಣ್ಣಿನಿಂದ ನೋಡತೊಡಗಿದ್ದೆ. ಮಾಸ್ತರ ಅಲ್ಲವೇ, ಅಕ್ಷರ ಇದ್ದ ಕಲ್ಲುಗಳನ್ನಷ್ಟೇ ಹುಡುಕಿದ್ದೆ.

ದೊಡ್ಡವ್ವ ಏನೂ ಬೈಯಲಿಲ್ಲ. ಎದ್ದುಹೋಗಿ ಕಣಜದ ಕೋಣೆಯಿಂದ ಒಂದು ಬಟ್ಟೆಯ ಗಂಟು ತಂದಳು. ದೊಡ್ಡಪ್ಪನ ಮೆಟ್ಟುಗಳು. ಇಪ್ಪತ್ತೈದು ವರ್ಷ ಔಡಲೆಣ್ಣೆ ಹಚ್ಚಿ ಇಟ್ಟಿದ್ದಳು. ಈಗಷ್ಟೇ ಬಿಟ್ಟು ಒಳಗೆ ಹೋದವನ ಮೆಟ್ಟಿನಂತೆ ಮಿದುವಾಗಿದ್ದವು.

"ಕುಣಿ ಯಾರ ಪಾದಲೇ ಅಳೀತಾರ?" ಎಂದು ಕೇಳಿದಳು, ಶಾಲೆಯಲ್ಲಿ ನಾನು ಮಕ್ಕಳನ್ನು ಕೇಳುವ ಹಾಗೆ.

"ಸತ್ತವರ ಪಾದಲೇ."

"ಎಷ್ಟು ಪಾದ?"

"ಐದು."

"ನಾಡಿದ್ದು ಹೋಗಮು."

ಸೇಡಮ್ಮಿನವರೆಗೆ ಬಂಡಿ, ಅಲ್ಲಿಂದ ರೈಲು. ಆಕೆ ರೈಲು ಹತ್ತಿದ್ದು ಅದೇ ಮೊದಲು. ಚಿತ್ತಾಪುರ ದಾಟುವವರೆಗೂ ಗಂಟನ್ನು ಎದೆಗವಚಿಕೊಂಡು, ಕಿಟಕಿಯಾಚೆ ಬಿಳಿಜೋಳದ ತೆನೆ ನೋಡುತ್ತ ಕೂತಿದ್ದಳು. ವಾಡಿಯಲ್ಲಿ ಗಾಡಿ ಬದಲಿಸುವಾಗ ಮಾತ್ರ, "ಅವ ಇಷ್ಟು ದೂರ ಬರಿಗಾಲಿಲೇ ಬಂದಾನೇನು?" ಎಂದು ಕೇಳಿದಳು. ಅಲ್ಲ, ಅವನೂ ರೈಲಿನಲ್ಲೇ ಬಂದಿರಬೇಕು ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ.

ಯೋಹಾನಪ್ಪ ಗೇಟು ತೆರೆದು ಆಕೆಗೆ ಕೈಮುಗಿದ. ದೊಡ್ಡವ್ವ ಯಾವ ಶಿಲುಬೆಯ ಕಡೆಗೂ ನೋಡದೆ, ಹಾದಿ ಗೊತ್ತಿದ್ದವಳಂತೆ ಬೇವಿನ ಮೂಲೆಗೆ ನಡೆದಳು. ಮೊಣಕಾಲೂರಿ ಕೂತು, ಗಂಟು ಬಿಚ್ಚಿ, ಪಟ್ಟಿ ಕಲ್ಲಿನ ಮೂಲೆಗೆ ಬಲ ಮೆಟ್ಟು ಇಟ್ಟಳು. ಅದರ ತುದಿಗೆ ಎಡದ್ದು. ಮತ್ತೆ ಬಲದ್ದು. ನಡೆದು ಹೋಗುವವನ ಹೆಜ್ಜೆಗಳಂತೆ ಒಂದರ ಮುಂದೊಂದು. ಐದನೆಯ ಪಾದದ ತುದಿ ಕಲ್ಲಿನ ಮೂಲೆಗೆ ಸರಿಯಾಗಿ ತಾಗಿತು. ಎರಡನೆಯ ಕಡೆಯೂ ಐದೇ. ಮೂರನೆಯ ಕಡೆ ಐದು ಪಾದ ಆಗಿ, ಇನ್ನೂ ಮೂರು ಬೆರಳು ಕಲ್ಲು ಉಳಿಯಿತು. ನಾಲ್ಕನೆಯ ಕಡೆಯೂ ಅಷ್ಟೇ.

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಎಣ್ಣೆ ಕುಡಿದ ಚರ್ಮ ಹಿಗ್ಗಿರಬಹುದು, ವರ್ಷ ಕಳೆದಂತೆ ಕುಗ್ಗಿರಬಹುದು. ಕಲ್ಲು ಸರಿದಿರಬಹುದು. ಅಥವಾ ಎರಡು ಕೂಸುಗಳನ್ನು ಬಾಜೂಕ ಬಾಜೂ ಮಲಗಿಸಿ ಯಾರೋ ಅಂದಾಜಿನ ಮೇಲೆ ಕಲ್ಲು ನಿಲ್ಲಿಸಿರಬಹುದು. ಆ ಕಲ್ಲು ತಿದ್ದಿದವನು ಕೈ ಪಳಗಿದವನು, ಅಂಚಿನ ಉಳಿ ಗುರುತು ಒಂದೇ ಸಮ ಇತ್ತು. ಜೊತೆಯವನಿಗಾಗಿ ಜೊತೆಯವರೇ ತಿದ್ದಿದ್ದು ಎನ್ನಲು ಅದೊಂದು ಸಾಕೇ?

ಅಷ್ಟರಲ್ಲಿ ಯೋಹಾನಪ್ಪ ಸಂಗತಿ ಏನೆಂದು ತಿಳಿದುಕೊಂಡಿದ್ದ. ಅವನ ಮುಖ ಸಣ್ಣದಾಗಿತ್ತು.

"ಅಮ್ಮಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಏಳು ವರ್ಷದಿಂದ ಕ್ರಿಸ್ಮಸ್ಸಿಗಿ ಈ ಕೂಸುಗಳಿಗಿ ನಾ ಮೊಂಬತ್ತಿ ಹಚ್ಚೀನಿ. ಅವಕ್ಕ ಮತ್ಯಾರೂ ಇಲ್ಲ. ನೀವು ಒಂದು ಜೋಡಿ ಮೆಟ್ಟು ತಂದು, ಕೂಸು ಇಲ್ಲಿ ಇಲ್ಲೇ ಇಲ್ಲ ಅಂದ್ರ ಹೆಂಗ್ರಿ?"

ದೊಡ್ಡವ್ವ ಅವನ ಕಡೆ ತಿರುಗಿದಳು.

"ಇಲ್ಲ ಅಂತ ನಾ ಎಲ್ಲಿ ಅಂದೆ, ತಮ್ಮಾ? ಒಂದು ಕೊಡ ನೀರು ತಗೊಂಬಾ."

ಅವನು ತಂದ. ಆಕೆ ಕೈಗಳನ್ನು ನೀರಿನಲ್ಲಿ ಅದ್ದಿ, ಬೆರಳು ಕೂಡಿಸಿ ಹಿಂಡಿಕೊಂಡು, ಹಸಿರು ಬಳೆಗಳನ್ನು ಒಂದೊಂದೇ ಕಳಚತೊಡಗಿದಳು. ವಯಸ್ಸಾದ ಕೈ, ಗಂಟು ದಪ್ಪವಾಗಿತ್ತು, ನೋಯುತ್ತಿದ್ದುದು ಕಾಣುತ್ತಿತ್ತು. ನಾನು ನೋಡಲಾರದೆ ಬೇವಿನ ಕಡೆ ತಿರುಗಿದೆ. ಒಂದೂ ಒಡೆಯಲಿಲ್ಲ. ಅವನ್ನು ಎರಡು ಪಾಲು ಮಾಡಿ ಹುಲ್ಲಿನ ಮೇಲೆ ಈ ಕಡೆ ಒಂದು, ಆ ಕಡೆ ಒಂದು ಇಟ್ಟಳು.

"ಅವ ಇದ್ರ ಅವಗ ಗೊತ್ತಾಗತದ. ಕೂಸು ಇದ್ರ ಹಾಕ್ಕೋತಾವ," ಎಂದಳು.

ಯೋಹಾನಪ್ಪ ಅತ್ತ. ನಾನೂ ಅತ್ತೆ. ದೊಡ್ಡವ್ವ ಮೆಟ್ಟುಗಳನ್ನು ಮತ್ತೆ ಗಂಟು ಕಟ್ಟಿಕೊಂಡು, ಗಾಡಿ ಎಷ್ಟು ಹೊತ್ತಿಗದ ಎಂದು ಕೇಳಿದಳು.

ಆ ಚೌಕದಲ್ಲಿ ಯಾರಿದ್ದಾರೆ ಎಂದು ಇವತ್ತು ಕೇಳಿದರೂ ನನಗೆ ಹೇಳಲು ಬರುವುದಿಲ್ಲ. ಎರಡು ಕಡೆ ಐದು ಪಾದ, ಎರಡು ಕಡೆ ಐದು ಪಾದ ಮೂರು ಬೆರಳು. ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದೆವು, ಆ ಪ್ರಶ್ನೆಯಾದರೂ ಮುಗಿಯಿತು. ಇದು ಮುಗಿಯಲಿಲ್ಲ. ಊರಿನವರು ಆಕೆಯ ಬರಿಗೈ ನೋಡಿ ಒಂದು ನಿಟ್ಟುಸಿರು ಬಿಟ್ಟರು, ಅವರ ಗೊಂದಲವೂ ಕಳೆಯಿತೆಂದು ಕಾಣುತ್ತದೆ.

ಹೇಳಿದ ಹಾಗೆ ಸುಗ್ಗಿಗೆ ಹೆಳವ ಬಂದ. ಶಾಲೆಗೆ ರಜೆ ಹಾಕಿ ನಾನೂ ಬಂದಿದ್ದೆ. ಅಂಗಳದಲ್ಲಿ ಎತ್ತು ನಿಲ್ಲಿಸಿ, ಕಣ್ಣು ಮುಚ್ಚಿ, ಹಳಬರಿಂದ ಹೇಳುತ್ತ ಇಳಿದ. ದೊಡ್ಡಪ್ಪನ ಹೆಸರಿಗೆ ಬಂದು ನಿಂತ. ಅಪ್ಪ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಒಳಗಿನ ಬಾಗಿಲಿನಿಂದ ದೊಡ್ಡವ್ವನ ದನಿ ಬಂತು.

"ಶಾಬಾದದಾಗ ಕುಂತಾನ. ಲಿಂಗ ಕೈಯಾಗ ಅದ. ಹೇಳ್ಕೋ."

ಹೆಳವ ಗಂಟೆ ಬಾರಿಸಿದ. "ಕೊಡ್ಲ್ಯಾಗ ಹುಟ್ಟಿದ ಮಹಾಂತಪ್ಪ ಶಾಬಾದದಾಗ ಮಣ್ಣಾದ. ಸಂತಾನ?"

ಇಲ್ಲ ಎನ್ನಲು ಅಪ್ಪ ಬಾಯಿ ತೆರೆದರು.

"ಎರಡು ಹೆಣ್ಣು," ಎಂದಳು ದೊಡ್ಡವ್ವ.

ಅಪ್ಪ ಒಳಬಾಗಿಲ ಕಡೆ ತಿರುಗಿದರು. ಹೆಳವನಿಗೆ ಇದೆಲ್ಲ ತಿಳಿಯದು. ಕಣ್ಣು ಮುಚ್ಚಿಕೊಂಡೇ ವಾಡಿಕೆಯ ಮುಂದಿನ ಪ್ರಶ್ನೆ ಕೇಳಿದ.

"ಯಾವೂರಿಗಿ ಕೊಟ್ಟೀರಿ?"

"ಎಲ್ಲೂ ಕೊಟ್ಟಿಲ್ಲ. ಅಪ್ಪನ ಬಾಜೂಕೇ ಅದಾವ."

ಹೆಳವ ಎರಡು ಸಲ ಗಂಟೆ ಬಾರಿಸಿ, ಮುಂದಿನ ಹೆಸರಿಗೆ ಹೋದ.